ಕೊನೆಯ ಗೇಣು ದಾರ: ಗೆಂಡೆ ಮೀನಿನ ಗಾಳಕ್ಕೆ ನಂಬಿಕೆಯ ಹುಕ್‌ಲಿಂಕ್ ಆರಿಸುವ ಬಗೆ

ಮೀನು ತಪ್ಪಿಸಿಕೊಂಡ ಮೇಲೆ ಬರಿಗೈಲಿ ವಾಪಸ್ ಬಂದ ದಾರದ ತುದಿಯನ್ನು ಯಾರೂ ನೋಡುವುದಿಲ್ಲ. ನಾಲ್ಕು ಬೈಗುಳ ಬೈದು, ತುದಿ ಕಚ್ಚಿ ಎಸೆದು, ಇನ್ನೊಂದು ಕೊಕ್ಕೆ ಕಟ್ಟುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡಿದವನು. ಗೊರೂರು ಹಿನ್ನೀರಿನಲ್ಲಿ ಒಂದು ಸಂಜೆ ಸಾಲಾಗಿ ಮೂರು ಮೀನು ಕಳಕೊಂಡು ಮುಖ ಊದಿಸಿಕೊಂಡು ಕೂತಿದ್ದಾಗ, ಪಕ್ಕದಲ್ಲಿ ಬೀಡಿ ಹಚ್ಚಿಕೊಂಡಿದ್ದ ನಮ್ಮ ದೊಡ್ಡಪ್ಪ ಆ ತುದಿಯನ್ನು ಇಸಕೊಂಡು ಬೆಳಕಿಗೆ ಹಿಡಿದರು. ದಾರ ಹಂದಿಮರಿಯ ಬಾಲದಂತೆ ಸುರುಳಿ ಸುತ್ತಿತ್ತು.

"ಮೀನು ಕಡೀಲಿಲ್ಲ ಕಣ್ಲಾ ಮಗ. ನಿನ್ ಗಂಟೇ ಬಿಚ್ಕಂಡು ಹೋಗೈತೆ. ಸುಮ್ನೆ ಮೀನಿನ್ ಮೇಲೆ ಯಾಕ್ ಗೂಬೆ ಕೂರುಸ್ತೀಯ?"

ಅಲ್ಲಿಂದೀಚೆಗೆ ಹರಿದ ತುದಿ ಓದುವುದು ನನಗೆ ಚಟವಾಗಿದೆ. ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ಬ್ಲೇಡಿನಲ್ಲಿ ಕೊಯ್ದಂತೆ ನುಣ್ಣಗಿದ್ದರೆ ಏಡಿ, ಕಪ್ಪೆಚಿಪ್ಪು ಇಲ್ಲವೇ ಚೂಪುಗಲ್ಲು. ತುದಿಯ ಹಿಂದಿನ ಒಂದೆರಡು ಇಂಚು ಉಗುರಿಗೆ ಗರಗರ ಅಂದರೆ ಮರಕ್ಕೋ ಕಲ್ಲಿಗೋ ಉಜ್ಜಿ ಸವೆದಿದೆ. ಎಳೆದ ರಬ್ಬರಿನಂತೆ ತೆಳ್ಳಗಾಗಿ ಬಿಳಿಚಿದ್ದರೆ ತಾಕತ್ತು ಮೀರಿ ಎಳೆದದ್ದು. ಸುರುಳಿಯೂ ಇಲ್ಲದೆ ಸರಿಯಾಗಿ ಗಂಟಿನ ಬುಡದಲ್ಲೇ ಹೋಗಿದ್ದರೆ, ಒಣ ದಾರದಲ್ಲಿ ಗಂಟು ಬಿಗಿದು ಬಿಸಿಗೆ ಸುಟ್ಟಿರುವುದೇ ಹೆಚ್ಚು. ಯಾವ ದಾರ ಕೊಳ್ಳಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮದೇ ಹರಿದ ದಾರಗಳಲ್ಲಿದೆ. ಮುಂದಿನ ಸಲ ಎಸೆಯಬೇಡಿ.

ಹುಕ್‌ಲಿಂಕ್ ಅಂದರೆ ಕೊಕ್ಕೆಗೂ ಸೀಸದ ಹತ್ತಿರದ ಸ್ವಿವೆಲ್ಲಿಗೂ (ದಾರ ತಿರುಚಿಕೊಳ್ಳದಂತೆ ಗಿರಗಿರ ತಿರುಗುವ ಪುಟ್ಟ ಲೋಹದ ಕೊಂಡಿ) ನಡುವಿನ ಗೇಣುದ್ದದ ದಾರ. ದೊಡ್ಡಪ್ಪ ಅದನ್ನು 'ಗೇಣು ದಾರ' ಅಂತಲೇ ಕರೆಯೋದು. ರಾಡು, ರೀಲು, ನೂರು ಮೀಟರ್ ದಾರ ಎಲ್ಲಕ್ಕೂ ದುಡ್ಡು ಸುರಿದರೂ ಕಲ್ಲಿಗೆ ಉಜ್ಜುವುದು, ಏಡಿ ಕೈಗೆ ಸಿಗುವುದು, ಮೀನಿನ ತುಟಿಗೆ ತಾಗುವುದು ಈ ಗೇಣೇ. ಇದನ್ನು ಪೊಟ್ಟಣದ ಮೇಲಿನ ಅಂಕಿ ನೋಡಿ ಆರಿಸಬೇಡಿ. ನೀವು ಕೂರುವ ಜಾಗದ ತಳ ನೋಡಿ ಆರಿಸಿ, ಮನೆಯಲ್ಲಿ ತೂಕ ಹಾಕಿ ನೋಡಿದ ಮೇಲೆ ನಂಬಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆರೆಗಳನ್ನು ಮೀನು ಸಾಕಲು ಟೆಂಡರ್ ಕೊಟ್ಟಿರುತ್ತಾರೆ. ಟೆಂಡರ್ ಹಿಡಿದವರನ್ನು ಕೇಳದೆ ಗಾಳ ಹಾಕಬೇಡಿ. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಶೃಂಗೇರಿಯ ತುಂಗೆಯಲ್ಲಿ ಮಠದ ಬಳಿಯ ಮೀನು ದೇವರ ಮೀನು, ಅಲ್ಲಿ ಪುರಿ ಹಾಕಿ ಕೈ ಮುಗಿದು ಬನ್ನಿ.

ಹಂತ 1: ತಳ ತಡವಿ

ಕೊಕ್ಕೆ ಕಟ್ಟದೆ ಬರೀ ಸೀಸ ಎಸೆಯಿರಿ. ಮುಳುಗಿ ಕೂತ ಮೇಲೆ ರಾಡನ್ನು ನಿಧಾನಕ್ಕೆ ಪಕ್ಕಕ್ಕೆ ಎಳೆಯಿರಿ. ಟಕ್ ಟಕ್ ಅಂತ ಕೈಗೆ ಬಡಿದರೆ ಕಲ್ಲು, ಗೊರಚು. ಬೆಣ್ಣೆಯಲ್ಲಿ ಎಳೆದಂತೆ ಬಂದು, ಮೊದಲಲ್ಲಿ ಮಾತ್ರ ಅಂಟಿಕೊಂಡಂತಾದರೆ ಹೂಳು. ರಬ್ಬರಿನಂತೆ ಎಳೆದು ಎಳೆದು ತಟ್ಟನೆ ಬಿಟ್ಟರೆ ಪಾಚಿ, ಜೊಂಡು. ಒಂದೇ ಸಲಕ್ಕೆ ಗಟ್ಟಿಯಾಗಿ ನಿಂತುಬಿಟ್ಟರೆ ಮರದ ಬೊಡ್ಡೆ, ಅಲ್ಲಿಂದ ಹತ್ತು ಮಾರು ಆಚೆ ಹೋಗಿ ಕೂರಿ.

ಹೇಮಾವತಿ ಹಿನ್ನೀರಿನ ತಳ ಸುಮ್ಮನಿಲ್ಲ. 1979ರಲ್ಲಿ ಗೊರೂರು ಅಣೆಕಟ್ಟು ಮುಗಿದಾಗ ಹೊಲಗದ್ದೆಯ ಜತೆ ಊರುಗಳೂ ನೀರಿಗೆ ಹೋದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಂತು, ಮಳೆಗಾಲ ಬಲಿತಾಗ ಸೊಂಟದವರೆಗೆ ನೀರಿಗಿಳಿಯುವುದನ್ನು ಕಂಡವರಿಗೆ ಆ ನೀರಿನಡಿ ಏನೇನು ಇರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಮಾಡುವುದು ಇಷ್ಟು: ಏಪ್ರಿಲ್, ಮೇನಲ್ಲಿ ನೀರು ಇಳಿದಾಗ ನಾನು ಕೂರುವ ಜಾಗಗಳಿಗೆ ಬರಿಗೈಲಿ ಹೋಗಿ ಬೊಡ್ಡೆ, ಬಂಡೆ, ಹಳೇ ಬದು ಎಲ್ಲಿವೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಹಿಂದೆ ಇರುವ ಒಂದು ಮರವೋ ವಿದ್ಯುತ್ ಕಂಬವೋ ಫೋಟೋದಲ್ಲಿ ಬರುವಂತೆ ನಿಲ್ಲಬೇಕು, ಇಲ್ಲವಾದರೆ ನೀರು ತುಂಬಿದ ಮೇಲೆ ಆ ಫೋಟೋ ಯಾವ ಜಾಗದ್ದೆಂದು ನಮಗೇ ತಿಳಿಯುವುದಿಲ್ಲ.

ಕೆರೆಯ ಕತೆ ಬೇರೆ. ನಡುವೆ ಹೂಳು, ಬಾಲದ ಕಡೆ ಜೊಂಡು, ಏರಿಯ ಒಳಮೈಗೆ ಕಲ್ಲುಕಟ್ಟು. ಏರಿ ಮೇಲೆ ಕೂತು ಮೀನು ಎಳೆಯುವಾಗ ಕೊನೆಯ ಹತ್ತಡಿಯಲ್ಲಿ ದಾರ ಆ ಕಲ್ಲಿನ ಅಂಚಿಗೆ ಉಜ್ಜಿಯೇ ಉಜ್ಜುತ್ತದೆ. ದಡಕ್ಕೆ ಬಂದ ಮೀನು ಕೈ ತಪ್ಪುವುದು ಹೆಚ್ಚಾಗಿ ಅಲ್ಲೇ.

ಹಂತ 2: ಬಾಯಿ ನೋಡಿ

ಗೆಂಡೆ ಕಚ್ಚುವುದಿಲ್ಲ, ಹೀರುತ್ತದೆ. ತುಟಿ ಕೊಳವೆಯಂತೆ ಮುಂದೆ ಚಾಚಿ ನೀರು, ಮಣ್ಣು, ತಿಂಡಿ ಎಲ್ಲ ಒಟ್ಟಿಗೆ ಒಳಗೆಳೆದು, ಬೇಡದ್ದನ್ನು ಉಗುಳುತ್ತದೆ. ಅದರ ದವಡೆಯಲ್ಲಿ ಹಲ್ಲಿಲ್ಲ, ಅರೆಯುವ ಹಲ್ಲು ಗಂಟಲಲ್ಲಿದೆ. ಹಾಗಾಗಿ ಕೊರವನಿಗೋ ಬಾಳೆ ಮೀನಿಗೋ ಕಟ್ಟುವ ಸ್ಟೀಲ್ ತಂತಿ ಇಲ್ಲಿ ಬೇಡ.

ಗೆಂಡೆಗಳಲ್ಲಿ ಕಾಮನ್ ಕಾರ್ಪ್, ಮೃಗಾಲ್ ತಳ ಕೆದಕುವ ಜಾತಿ. ರೋಹು ನಡುನೀರಿನದು. ಕಾಟ್ಲಾ ಮೇಲ್ನೀರಿನದು, ಬಾಯಿ ಮೇಲ್ಮುಖ. ಹಿಂಡಿ ಉಂಡೆ ಕರಗಿ ಮೋಡದಂತೆ ಏಳುವಾಗ ಬಂದು ಆ ಮೋಡವನ್ನೇ ಹೀರುತ್ತದೆ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹುಕ್‌ಲಿಂಕ್ ಮೆದುವಾಗಿದ್ದಷ್ಟೂ ಕೊಕ್ಕೆ ಸಲೀಸಾಗಿ ಒಳಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಆಚೆಗೂ ಬರುತ್ತದೆ. ಬಿರುಸಾಗಿದ್ದಷ್ಟೂ ಒಳಗೆ ಹೋಗುವುದು ಕೊಂಚ ಕಷ್ಟ, ಉಗುಳುವುದು ಇನ್ನೂ ಕಷ್ಟ. ದಾರದ ಆಯ್ಕೆ ಪೂರ್ತಿ ಈ ಚೌಕಾಸಿಯ ಮೇಲೇ ನಿಂತಿದೆ.

ಹಂತ 3: ನಾಲ್ಕು ದಾರ, ಅವುಗಳ ಗುಣ

ಮೊದಲನೆಯದು ನೈಲಾನ್, ನಮ್ಮ ತಂಗೂಸಿ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರಾದರ್ಸ್ ತಂಡ 1935ರಲ್ಲಿ ಕಂಡುಹಿಡಿದ ವಸ್ತು ಇದು. ಅಗ್ಗ, ಎಲ್ಲೆಡೆ ಸಿಗುತ್ತದೆ, ಗಂಟು ಚೆನ್ನಾಗಿ ಕೂರುತ್ತದೆ, ಎಳೆದರೆ ಹಿಗ್ಗುವುದರಿಂದ ದೊಡ್ಡ ಮೀನು ತಲೆ ಒದರಿದಾಗ ಪೆಟ್ಟು ನುಂಗಿಕೊಳ್ಳುತ್ತದೆ. ದೋಷವೂ ಇದೆ: ನೀರು ಕುಡಿಯುತ್ತದೆ, ಕುಡಿದು ಮೆತ್ತಗಾಗಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಬಿಸಿಲಿಗೂ ಸೊರಗುತ್ತದೆ. ಕಾರಿನ ಹಿಂದಿನ ಗಾಜಿನಡಿ ಒಂದು ಬೇಸಿಗೆ ಬಿದ್ದಿದ್ದ ಉಂಡೆಯನ್ನು ದಯವಿಟ್ಟು ಟೊಮೇಟೊ ಗಿಡ ಕಟ್ಟಲು ಕೊಟ್ಟುಬಿಡಿ.

ಎರಡನೆಯದು ಫ್ಲೋರೋಕಾರ್ಬನ್. ಜಪಾನಿನ ಕುರೇಹಾ ಕಂಪನಿ 1970ರ ದಶಕದ ಆರಂಭದಲ್ಲಿ ಮೀನು ಹಿಡಿಯುವ ದಾರವಾಗಿ ತಂದಿದ್ದು. ನೀರು ಹೀರುವುದಿಲ್ಲ, ಬಿಸಿಲಿಗೆ ಬಗ್ಗುವುದಿಲ್ಲ, ಉಜ್ಜುವುದಕ್ಕೆ ನೈಲಾನಿಗಿಂತ ಚೆನ್ನಾಗಿ ತಾಳುತ್ತದೆ. ನೀರಿಗಿಂತ ಸುಮಾರು 1.78 ಪಟ್ಟು ಭಾರ, ಹಾಗಾಗಿ ತಳಕ್ಕೆ ಅಂಟಿ ಮಲಗುತ್ತದೆ, ನೈಲಾನ್ 1.14 ಪಟ್ಟು ಮಾತ್ರ. 'ನೀರಿನಲ್ಲಿ ಕಾಣುವುದೇ ಇಲ್ಲ' ಅಂತ ಇದನ್ನು ಮಾರುತ್ತಾರೆ. ಬೆಳಕು ಬಾಗುವ ಲೆಕ್ಕದಲ್ಲಿ ನೀರು 1.33, ಇದು 1.42, ನೈಲಾನ್ 1.53ರ ಸುಮಾರು. ನೀರಿನ ಅಂಕಿಗೆ ಹತ್ತಿರವಿದ್ದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ. ಅಂದರೆ ಇದು ಕಡಿಮೆ ಕಾಣುತ್ತದೆ, ಕಾಣದೇ ಹೋಗುವುದಿಲ್ಲ. ಜುಲೈನಲ್ಲಿ ಹೇಮಾವತಿ ಕಾಫಿ ಡಿಕಾಕ್ಷನ್ನಿನಂತೆ ಹರಿಯುವಾಗ ಆ ಗುಣಕ್ಕೆಂದು ದುಡ್ಡು ಕೊಡುವುದು ವ್ಯರ್ಥ. ನಾನು ಇದನ್ನು ಕೊಳ್ಳುವುದು ಬಿರುಸಿಗಾಗಿ ಮತ್ತು ಭಾರಕ್ಕಾಗಿ. ಎಸೆಯುವಾಗ ಸುತ್ತಿಕೊಳ್ಳುವುದಿಲ್ಲ, ಜಿಲೇಬಿ ಮೀನಿನ ಮರಿಗಳು ಕುಕ್ಕಿದರೂ ಜಾಗ ಬಿಟ್ಟು ಕದಲುವುದಿಲ್ಲ.

ಮೂರನೆಯದು ಹೆಣೆದ ದಾರ, ಬ್ರೇಡ್. ಡೈನೀಮಾ ಥರದ ಗಟ್ಟಿ ಪ್ಲಾಸ್ಟಿಕ್ ನೂಲುಗಳನ್ನು ಜಡೆಯಂತೆ ಹೆಣೆದದ್ದು. ದಪ್ಪಕ್ಕೆ ಹೋಲಿಸಿದರೆ ಬಲ ಬಹಳ, ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಮಲ್ಲಿಗೆ ಕಟ್ಟುವ ನೂಲಿನಷ್ಟು ಮೆದು. ತಳ ಕೆದಕುವ ಅನುಮಾನದ ಮೀನಿಗೆ ಇದಕ್ಕಿಂತ ಸಹಜವಾಗಿ ತಿಂಡಿ ಒಪ್ಪಿಸುವ ದಾರವಿಲ್ಲ. ತೊಂದರೆ ಮೂರು. ಡೈನೀಮಾ ನೀರಿಗಿಂತ ಹಗುರ, 0.97, ಏನೂ ಮಾಡದೆ ಬಿಟ್ಟರೆ ಕಮಾನಿನಂತೆ ಮೇಲೇಳುತ್ತದೆ. ಕೊಕ್ಕೆಯಿಂದ ಮೂರು ಬೆರಳು ದೂರದಲ್ಲಿ ಸಣ್ಣ ಸೀಸದ ಗುಂಡು ಅಮುಕಿದರೆ ಸರಿಹೋಗುತ್ತದೆ. ಎರಡನೆಯದು, ಎಸೆಯುವಾಗ ಸೀಸಕ್ಕೆ ಸುತ್ತಿಕೊಳ್ಳುತ್ತದೆ. ಇದಕ್ಕೆ ಸೈಕಲ್ ಶಾಪಿನ ವಾಲ್ ಟ್ಯೂಬ್ ಒಂದಿಂಚು ಕತ್ತರಿಸಿ, ಸ್ವಿವೆಲ್ ಮತ್ತು ಗಂಟು ಒಳಗೆ ಬರುವಂತೆ ಏರಿಸಿ, ಗೇಣು ದಾರ ನೆಟ್ಟಗೆ ಹೊರಗೆ ಚಾಚಿ ನಿಲ್ಲುತ್ತದೆ. ಮೂರನೆಯದಕ್ಕೆ ಮದ್ದಿಲ್ಲ: ಎಳೆದು ಬಿಗಿಯಾದ ಬ್ರೇಡ್ ಚೂಪುಗಲ್ಲಿಗೆ ತಾಗಿತೋ, ಮುಗಿಯಿತು. ಏಡಿಗಂತೂ ಹಬ್ಬ. ಕಲ್ಲುಕಟ್ಟಿನ ಏರಿಯಲ್ಲಿ ಬರೀ ಬ್ರೇಡ್ ನಾನು ಕಟ್ಟುವುದಿಲ್ಲ.

ನಾಲ್ಕನೆಯದು ಲೇಪನ ಹಾಕಿದ ಬ್ರೇಡ್. ಒಳಗೆ ಮೆದು ಜಡೆ, ಹೊರಗೆ ಪ್ಲಾಸ್ಟಿಕ್ ಅಂಗಿ. ಇದರ ಸೊಗಸು ಇರುವುದು ಅಂಗಿ ಬಿಚ್ಚುವುದರಲ್ಲಿ. ಕೊಕ್ಕೆಯ ಹತ್ತಿರ ಒಂದೂವರೆ ಎರಡು ಇಂಚು ಅಂಗಿ ಸುಲಿದರೆ ಅಷ್ಟು ಭಾಗ ಮೆದು, ಉಳಿದದ್ದು ಬಿರುಸು. ಮೀನಿನ ಬಾಯಿಗೆ ಹೋಗುವುದು ಮೆದು, ಕಲ್ಲಿಗೆ ಉಜ್ಜುವುದು ಬಿರುಸು. ಸುಲಿಯಲು ಬ್ಲೇಡ್ ತೆಗೆದುಕೊಂಡಿರೋ, ಒಳಗಿನ ನಾಲ್ಕು ಎಳೆಯಲ್ಲಿ ಒಂದು ನಿಮಗೇ ಗೊತ್ತಿಲ್ಲದೆ ತುಂಡಾಗಿರುತ್ತದೆ. ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಹಿಡಿದು, ಅಂಗಿ ಬಿರಿಯುವಂತೆ ಒಮ್ಮೆ ಮಡಿಸಿ, ಸೊಪ್ಪಿನ ದಂಟಿನ ನಾರು ತೆಗೆದಂತೆ ತುದಿಯ ಕಡೆಗೆ ಎಳೆಯಿರಿ. ಸುಲಿದ ಭಾಗವನ್ನು ತುಟಿಗಳ ನಡುವೆ ಸರಿಸಿ ನೋಡಿ, ಬೆರಳಿಗೆ ತಿಳಿಯದ ಗಾಯ ತುಟಿಗೆ ತಿಳಿಯುತ್ತದೆ. ಅಂಗಿ ಸುಲಿಯಲು ಒಪ್ಪದ, ಅಥವಾ ಪುಡಿಪುಡಿಯಾಗಿ ಉದುರುವ ದಾರ ಕೊಳ್ಳಬೇಡಿ.

ಈಗ ಜೋಡಿಸೋಣ. ಕಲ್ಲು, ಗೊರಚಿನ ತಳಕ್ಕೆ ದಪ್ಪ ಫ್ಲೋರೋಕಾರ್ಬನ್ ಅಥವಾ ಲೇಪನದ ಬ್ರೇಡ್. ಹೂಳಿನ ಕೆರೆಗೆ ಬ್ರೇಡ್. ಜೊಂಡಿನ ಅಂಚಿಗೆ ಲೇಪನದ ಬ್ರೇಡ್. ಎಲ್ಲಿ ಏನಿದೆಯೋ ತಿಳಿಯದ ಹೊಸ ಜಾಗಕ್ಕೆ, ಕಲಿಯುವವರಿಗೆ, ಮತ್ತು ತಿಂಗಳ ಕೊನೆಗೆ ನೈಲಾನ್. ನಮ್ಮ ಕಡೆ ಬಹಳ ಮಂದಿ ಹಾಕುವ ಸ್ಪ್ರಿಂಗ್ ಗಾಳಕ್ಕೆ, ಅಂದರೆ ಸ್ಪ್ರಿಂಗಿನ ಸುತ್ತ ಹಿಂಡಿ, ತೌಡು ಮೆತ್ತಿ ನಾಲ್ಕಾರು ಕೊಕ್ಕೆ ಅದರಲ್ಲೇ ಚುಚ್ಚಿಡುವ ಗಾಳಕ್ಕೆ, ಎರಡು ಮೂರು ಇಂಚಿನ ಮೆದು ಬ್ರೇಡ್ ಬಿಟ್ಟು ಬೇರೇನೂ ಒಗ್ಗುವುದಿಲ್ಲ. ಬಿರುಸು ದಾರ ಕಟ್ಟಿದರೆ ಕೊಕ್ಕೆಗಳು ಮುಳ್ಳುಹಂದಿಯಂತೆ ನಿಗುರಿ ನಿಲ್ಲುತ್ತವೆ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಂಕು ಕಂದು, ಮಂಕು ಹಸಿರು ಎರಡೂ ನಡೆಯುತ್ತದೆ. ಹೊಳಪು ಇರಬಾರದು ಅಷ್ಟೇ. ಹೊಳೆದರೆ ದಡದ ಕೆಸರಿನಲ್ಲಿ ಒಮ್ಮೆ ಎಳೆದುಕೊಳ್ಳಿ.

ಹಂತ 4: ದಪ್ಪ ಮತ್ತು ಉದ್ದ

ಪೊಟ್ಟಣದ ಮೇಲೆ ಪೌಂಡಿನಲ್ಲಿ ಬರೆದಿರುತ್ತದೆ. 20 ಪೌಂಡ್ ಅಂದರೆ ಸುಮಾರು 9 ಕೆಜಿ. ನೀರಿನಲ್ಲಿ ಮೀನು ತನ್ನ ಪೂರ್ತಿ ತೂಕ ದಾರದ ಮೇಲೆ ಹಾಕುವುದಿಲ್ಲ. ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿ, ಸರಿಯಾಗಿದ್ದರೆ 9 ಕೆಜಿಯ ದಾರದಲ್ಲಿ ಅದಕ್ಕಿಂತ ದೊಡ್ಡ ಕಾಟ್ಲಾವನ್ನೂ ಬರಮಾಡಿಕೊಳ್ಳಬಹುದು. ಬಯಲು ನೀರಿಗೆ 15ರಿಂದ 20 ಪೌಂಡ್, ಬೊಡ್ಡೆ ಇರುವ ಕಡೆ 25. ನೈಲಾನ್ ಆದರೆ 0.35 ಮಿಮೀ ಆಸುಪಾಸು. ಫ್ಲೋರೋಕಾರ್ಬನ್ ಅದೇ ಬಲಕ್ಕೆ ಒಂದು ಗೆರೆ ದಪ್ಪ ಬೇಕು.

ಹುಕ್‌ಲಿಂಕ್ ಯಾವಾಗಲೂ ರೀಲಿನ ದಾರಕ್ಕಿಂತ ಸ್ವಲ್ಪ ಬಲ ಕಡಿಮೆಯದಾಗಿರಲಿ. ಸಿಕ್ಕಿಕೊಂಡು ಹರಿಯಲೇಬೇಕಾದರೆ ಗೇಣು ಹರಿಯಲಿ. ಐವತ್ತು ಮೀಟರ್ ದಾರ ಎಳೆದುಕೊಂಡು ಹೋದ ಮೀನು ಬೊಡ್ಡೆಗೆ ಸುತ್ತಿಕೊಂಡು ಸಾಯುತ್ತದೆ. ಬೊಡ್ಡೆಗಳ ನಡುವೆ ಎರಡೂ ಗಟ್ಟಿ ಇರಬೇಕೆಂದಾಗ ಸೀಸವನ್ನು ಮಾತ್ರ ಬೇರೆ ತೆಳು ತಂಗೂಸಿಯಲ್ಲಿ ಕಟ್ಟಿ. ಹೋದರೆ ಸೀಸ ಹೋಗುತ್ತದೆ.

ಉದ್ದಕ್ಕೆ ಗೇಣಿನ ಅಳತೆಯೇ ಸಾಕು. ಗಟ್ಟಿ ತಳದಲ್ಲಿ ಅರ್ಧ ಗೇಣು, ಅಂದರೆ 10–12 ಸೆಂಮೀ. ಸಾಮಾನ್ಯವಾಗಿ 15–20. ಹೂಳು ಆಳವಿದ್ದರೆ ಸೀಸ ಒಳಗೆ ಇಳಿದು ದಾರವನ್ನೂ ಎಳೆದುಕೊಳ್ಳುವುದರಿಂದ 25–30.

ಹಂತ 5: ಗಂಟು

ಬೇಯಿಸಿದ ಮೆಕ್ಕೆಜೋಳ, ನೆನೆಸಿ ಬೇಯಿಸಿದ ಕಡಲೆ ಹಾಕುವವರು ಹೇರ್ ರಿಗ್ ಕಲಿಯಲೇಬೇಕು. ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ 1980ರ ಸುಮಾರಿಗೆ ರೂಢಿಗೆ ತಂದ ಉಪಾಯ: ಕಾಳನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯ ಪಕ್ಕ ನೇತಾಡುವ ಎಳೆಗೆ ಪೋಣಿಸುವುದು. ಶುರುವಿನಲ್ಲಿ ನಿಜವಾದ ತಲೆಗೂದಲನ್ನೇ ಕಟ್ಟಿ ನೋಡಿದ್ದರಂತೆ, ಹೆಸರು ಹಾಗೇ ಉಳಿಯಿತು.

ಕಟ್ಟುವ ಕ್ರಮ: ದಾರದ ತುದಿಯಲ್ಲಿ ಕಾಳು ನಿಲ್ಲಿಸಲು ಒಂದು ಪುಟ್ಟ ಕುಣಿಕೆ ಹಾಕಿ. ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿನ ಬೆನ್ನಿನ ಕಡೆಯಿಂದ, ಅಂದರೆ ಮೊನೆ ಇಲ್ಲದ ಕಡೆಯಿಂದ ತೂರಿಸಿ. ಕಾಳು ಕೊಕ್ಕೆಯ ಬಾಗಿನಿಂದ ಸ್ವಲ್ಪ ಕೆಳಗೆ ತೂಗುವಷ್ಟು ಬಿಟ್ಟು, ಎಳೆಯನ್ನು ಕೊಕ್ಕೆಯ ಕಾಲಿಗೆ ಒತ್ತಿ ಹಿಡಿದು, ಉದ್ದ ತುದಿಯಿಂದ ಕಣ್ಣಿನಿಂದ ಬಾಗಿನ ಕಡೆಗೆ ಏಳೆಂಟು ಸುತ್ತು ಒತ್ತೊತ್ತಾಗಿ ಸುತ್ತಿ. ಮತ್ತೆ ಅದೇ ಬೆನ್ನಿನ ಕಡೆಯಿಂದಲೇ ಕಣ್ಣಿಗೆ ತೂರಿಸಿ ಎಳೆಯಿರಿ. ಕಟ್ಟುವ ಮೊದಲು ಆ ಕಣ್ಣನ್ನು ಕೊಂಚ ನೋಡಿ: ಅಗ್ಗದ ಕೊಕ್ಕೆಗಳಲ್ಲಿ ತಂತಿ ಬಾಗಿ ಕೂಡುವ ಜಾಗದಲ್ಲಿ ಸಂದು ಉಳಿದಿರುತ್ತದೆ. ಬ್ರೇಡ್ ಆ ಸಂದಿಗೆ ಸಿಕ್ಕಿದರೆ ಒಳಗೊಳಗೇ ಕೊಯ್ದುಹೋಗುತ್ತದೆ. ಅಂಥ ಕೊಕ್ಕೆ ಬಿಸಾಡಿ.

ಸ್ವಿವೆಲ್ ಕಡೆಗೆ, ಬ್ರೇಡ್ ಆದರೆ ಪಾಲೊಮಾರ್ ಗಂಟು. ದಾರವನ್ನು ಜೋಡಿ ಮಾಡಿ ಕಣ್ಣಿಗೆ ತೂರಿಸಿ, ಸಾದಾ ಗಂಟೊಂದು ಸಡಿಲವಾಗಿ ಹಾಕಿ, ಕುಣಿಕೆಯ ಒಳಗೆ ಇಡೀ ಸ್ವಿವೆಲ್ ದಾಟಿಸಿ ಬಿಗಿಯುವುದು. ಫ್ಲೋರೋಕಾರ್ಬನ್, ನೈಲಾನಿಗೆ ಯೂನಿ ಗಂಟು: ದಾರವನ್ನು ಕಣ್ಣಿಗೆ ತೂರಿಸಿ ಹಿಂದಕ್ಕೆ ಮಡಿಸಿ ಕುಣಿಕೆ ಮಾಡಿ, ತುದಿಯನ್ನು ಆ ಕುಣಿಕೆಯೊಳಗಿಂದ ಎರಡೂ ಎಳೆಗೆ ಸುತ್ತಿ ಬಿಗಿಯುವುದು. ಫ್ಲೋರೋಕಾರ್ಬನ್‌ಗೆ ನಾಲ್ಕೈದು ಸುತ್ತು ಸಾಕು, ಹೆಚ್ಚು ಹಾಕಿದರೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಯಾವ ಗಂಟೇ ಇರಲಿ, ಎಂಜಲು ಹಚ್ಚಿ, ನಿಧಾನಕ್ಕೆ, ಒಂದೇ ಸಮನೆ ಎಳೆಯಿರಿ. ತುದಿ ಕತ್ತರಿಸುವಾಗ ಎರಡು ಮಿಮೀ ಬಿಡಿ. ನಾನು ಚಂದ ಕಾಣಲೆಂದು ಗಂಟಿನ ಬುಡಕ್ಕೇ ಕತ್ತರಿಸುತ್ತಿದ್ದೆ. ದೊಡ್ಡಪ್ಪನ ಕೈಗೆ ಸಿಕ್ಕ ಹಂದಿಬಾಲದ ಮೂಲ ಅದೇ.

ಹಂತ 6: ಬಕೆಟ್ ಪರೀಕ್ಷೆ

ದೂರದ ಪೇಟೆಯ ಅಂಗಡಿಯೊಂದರಲ್ಲಿ 30 ಪೌಂಡ್ ಅಂತ ದಪ್ಪಕ್ಷರದಲ್ಲಿ ಬರೆದಿದ್ದ ಬ್ರೇಡ್ ತಂದಿದ್ದೆ. ಹದಿಮೂರು ಕೆಜಿಗೂ ಮಿಗಿಲು ತಾಳಬೇಕಿತ್ತು. ಎರಡು ಕೆಜಿಯೂ ಇರದ ಮೃಗಾಲ್ ಹರಿದುಕೊಂಡು ಹೋಯಿತು. ಈಗ ಯಾವ ದಾರ ತಂದರೂ ಮೊದಲು ಹಿತ್ತಲಿನ ಸೀಬೆ ಮರಕ್ಕೆ ಹೋಗುತ್ತದೆ.

ನೀರು ಲೀಟರಿಗೆ ಒಂದು ಕೆಜಿ, ಬೇರೆ ತಕ್ಕಡಿ ಬೇಕಿಲ್ಲ. ಗಾಳಕ್ಕೆ ಕಟ್ಟುವಂತೆಯೇ ಎರಡೂ ಕಡೆ ಗಂಟು ಹಾಕಿ ಒಂದು ಹುಕ್‌ಲಿಂಕ್ ತಯಾರಿಸಿ. ಕೊಕ್ಕೆಯ ಬದಲು ಅಲ್ಲೂ ಒಂದು ಸ್ವಿವೆಲ್ ಇರಲಿ, ಹರಿದಾಗ ಕೊಕ್ಕೆ ಹಾರಿದರೆ ಕಣ್ಣಿಗೇ ಬರುತ್ತದೆ. ರಾತ್ರಿಯಿಡೀ ಲೋಟದ ನೀರಿನಲ್ಲಿ ನೆನೆಸಿ. ಆ ಲೋಟದಲ್ಲೇ ಯಾವ ದಾರ ಮುಳುಗುತ್ತದೆ, ಯಾವುದು ತೇಲುತ್ತದೆ ಅನ್ನುವುದೂ ಕಾಣುತ್ತದೆ. ಬೆಳಿಗ್ಗೆ ಕೊಂಬೆಗೆ ಕಟ್ಟಿ, ಕೆಳಗೆ ಇಪ್ಪತ್ತು ಲೀಟರಿನ ಬಕೆಟ್ಟನ್ನು ನೆಲದಿಂದ ಒಂದು ಗೇಣು ಮೇಲೆ ತೂಗುಬಿಡಿ. ಖಾಲಿ ಬಕೆಟ್ ತೂಕ ಗುರುತಿಟ್ಟುಕೊಂಡು, ಲೀಟರ್ ಬಾಟಲಿಯಿಂದ ನಿಧಾನವಾಗಿ ನೀರು ಸುರಿಯಿರಿ, ಪ್ರತಿ ಲೀಟರಿಗೂ ಹತ್ತು ಎಣಿಸಿ. ಆ 30 ಪೌಂಡಿನ ಮಹಾಶಯ ಐದನೇ ಲೀಟರಿಗೆ ಟಪ್ ಅಂದ. ಗಂಟು ಸುಟ್ಟಿರಬಹುದು ಅಂತ ಮೂರು ಸಲ ಕಟ್ಟಿದೆ, ಮೂರು ಸಲವೂ ಐದರ ಆಸುಪಾಸು.

ಗಂಟು ಹಾಕಿದ ಮೇಲೆ ಯಾವ ದಾರವೂ ಬರೆದಷ್ಟು ತಾಳುವುದಿಲ್ಲ. ಮುಕ್ಕಾಲು ಪಾಲು ತಾಳಿದರೆ ನನ್ನ ಲೆಕ್ಕದಲ್ಲಿ ಪಾಸು: 9 ಕೆಜಿಯ ದಾರಕ್ಕೆ ಆರೂಮುಕ್ಕಾಲು. ಒಂದೇ ದಾರದ ಮೂರು ತುಂಡು ಮೂರು ಬೇರೆ ಬೇರೆ ಲೀಟರಿಗೆ ಹರಿದರೆ ದೋಷ ನಿಮ್ಮ ಗಂಟಿನಲ್ಲಿದೆ. ಮೂರೂ ಒಂದೇ ಕಡಿಮೆ ಲೀಟರಿಗೆ ಹೋದರೆ, ಗಂಟು ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಆದರೆ ದಾರವೇ ಸುಳ್ಳು.

ಇದಾದ ಮೇಲೆ ಉಜ್ಜುವ ಪರೀಕ್ಷೆ. ಕೆರೆ ಏರಿಯದೇ ಒಂದು ಕಲ್ಲಿನ ಅಂಚಿಗೆ ಒದ್ದೆ ದಾರವನ್ನು ಬಿಗಿಹಿಡಿದು ಇಪ್ಪತ್ತು ಸಲ ಹಿಂದೆಮುಂದೆ ಎಳೆದು, ಮತ್ತೆ ಬಕೆಟ್ಟಿಗೆ ಕಟ್ಟಿ. ಬ್ರೇಡ್ ಪ್ರಿಯರು ಇದನ್ನೊಂದು ಸಲ ಮಾಡಿ ನೋಡಬೇಕು. ನನ್ನ ಬ್ರೇಡ್ ಬಕೆಟ್ ತನಕ ಬರಲೇ ಇಲ್ಲ.

ಹಂತ 7: ನೀರಿನ ಬದಿಯಲ್ಲಿ

ಮನೆಯಲ್ಲೇ ಹತ್ತು ಹನ್ನೆರಡು ಕಟ್ಟಿಕೊಂಡು ಹೋಗಿ. ಸಂಜೆಗತ್ತಲಲ್ಲಿ ಸೊಳ್ಳೆ ಕಡಿಸಿಕೊಳ್ಳುತ್ತ ಕಟ್ಟಿದ ಗಂಟು ಗಂಟಲ್ಲ. ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ, ಒಂದು ಕಡೆ ಕೊಕ್ಕೆ ಚುಚ್ಚಿ, ಇನ್ನೊಂದು ಕಡೆ ಗುಂಡುಪಿನ್ನಿಗೆ ಕುಣಿಕೆ ಸಿಕ್ಕಿಸಿದರೆ ದಾರ ನೆಟ್ಟಗೆ ಉಳಿಯುತ್ತದೆ, ಫ್ಲೋರೋಕಾರ್ಬನ್ ಸುರುಳಿ ನೆನಪು ಬಿಡುತ್ತದೆ.

ಪ್ರತಿ ಮೀನಿನ ನಂತರ, ಸಿಕ್ಕಿಕೊಂಡು ಬಿಡಿಸಿಕೊಂಡಾಗಲೆಲ್ಲ, ಗೇಣು ದಾರವನ್ನು ಎರಡು ಉಗುರುಗಳ ನಡುವೆ ಪೂರ್ತಿ ಉದ್ದ ಎಳೆಯಿರಿ. ಒಂದೇ ಒಂದು ಗರ ಸಿಕ್ಕರೂ ಬದಲಿಸಿ. ತಿಂಡಿ ಹಾಗೇ ಇದ್ದು ಕೊಕ್ಕೆಯ ಮೇಲಿನ ಬ್ರೇಡ್ ಮಾತ್ರ ನವಿರೆದ್ದಿದ್ದರೆ ಏಡಿ ಬಂದು ಹೋಗಿದೆ. ಅಂಥ ಜಾಗದಲ್ಲಿ ಆ ದಿನ ಮೆದು ದಾರ ಬೇಡ, ಫ್ಲೋರೋಕಾರ್ಬನ್ ಕಟ್ಟಿ. ಒಂದು ರಾತ್ರಿ ನೀರಿನಲ್ಲಿದ್ದ ನೈಲಾನ್ ಗೇಣನ್ನು ಮಾರನೆ ದಿನಕ್ಕೆ ಇಟ್ಟುಕೊಳ್ಳಬೇಡಿ, ಅದರ ಬೆಲೆ ಎಷ್ಟು ಮಹಾ.

ತೆಗೆದ ದಾರವನ್ನು ದಡದಲ್ಲಿ ಬಿಸಾಡದೆ ಬೆಂಕಿಪೊಟ್ಟಣಕ್ಕೆ ತುರುಕಿ ಮನೆಗೆ ತನ್ನಿ, ಕತ್ತರಿಯಲ್ಲಿ ಬೆರಳುದ್ದ ಚೂರು ಮಾಡಿ ಕಸಕ್ಕೆ ಹಾಕಿ. ಹೋದ ಮಾಗಿಯಲ್ಲಿ ನಮ್ಮೂರ ಏರಿ ಮೇಲೆ ಬೆಳ್ಳಕ್ಕಿಯೊಂದು ಒಂಟಿಕಾಲಲ್ಲಿ ಕುಪ್ಪಳಿಸುತ್ತಿತ್ತು. ಟವೆಲ್ ಹಾಕಿ ಹಿಡಿದು ನೋಡಿದರೆ ಬೆರಳುಗಳಿಗೆ ತಂಗೂಸಿ ಸುತ್ತಿ ಮಾಂಸಕ್ಕೆ ಇಳಿದಿತ್ತು. ಬಿಡಿಸಲು ನನಗೂ ದೊಡ್ಡಪ್ಪನಿಗೂ ಅರ್ಧ ಗಂಟೆ ಹಿಡಿಯಿತು. ಬಿಡಿಸಿದ ಮೇಲೆ ಅವರು ಆ ತುದಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಸುರುಳಿ ಸುತ್ತಿತ್ತು.